‘ಇನ್ಸುಲೇಷನ್ ರೆಸಿಸ್ಟೆನ್ಸ್’: ವೈರ್‌ಮನ್ ಬಾಯಿಗೆ ಒಗ್ಗುವ ಕನ್ನಡ ಯಾವುದು?

ಗೆಳೆಯರಿಗೆ ನಮಸ್ಕಾರ,

ಐಟಿಐ ಓದದೆ ಸೈಟ್‌ನಲ್ಲೇ ಕೆಲಸ ಕಲಿತ ಎಲೆಕ್ಟ್ರಿಷಿಯನ್‌ಗಳಿಗೆ ಆರ್‌ಪಿಎಲ್ ಅಂತ ಒಂದು ದಾರಿ ಇದೆ. ಈಗಾಗಲೇ ಗೊತ್ತಿರುವ ಕೆಲಸವನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯ ಅಡಿ ಬಂದದ್ದು. ಆ ಅಸೆಸ್‌ಮೆಂಟ್‌ಗೆ ಕೂರುವ ಕೆಲವು ಹುಡುಗರಿಗೆ ಕನ್ನಡದಲ್ಲಿ ಪ್ರಶ್ನೋತ್ತರ ಬರೆದುಕೊಡುತ್ತಿದ್ದೇನೆ. ಬೋರ್ಡ್ ಕಟ್ಟುವುದು, ಪೈಪಿನಲ್ಲಿ ವೈರ್ ಎಳೆಯುವುದು ಅವರಿಗೆ ನೀರು ಕುಡಿದಷ್ಟು ಸಲೀಸು. ತೊಡಕಿರುವುದು ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ. ಪ್ರಶ್ನೆ ಪುಸ್ತಕದ ಕನ್ನಡದಲ್ಲಿ ಬರುತ್ತದೆ, ಉತ್ತರ ಸೈಟ್ ಕನ್ನಡದಲ್ಲಿ ಇರುತ್ತದೆ. ಎರಡೂ ಒಂದನ್ನೊಂದು ಗುರುತು ಹಿಡಿಯುವುದೇ ಇಲ್ಲ.

ನನಗೆ ಪದ ಬೇಕಿರುವುದು ‘ಇನ್ಸುಲೇಷನ್ ರೆಸಿಸ್ಟೆನ್ಸ್’ಗೆ. ಈ ಕೆಲಸದ ಪರಿಚಯ ಇಲ್ಲದವರಿಗೆ ಸ್ವಲ್ಪ ವಿವರ ಹೇಳುತ್ತೇನೆ. ಕರೆಂಟ್ ಹೋಗಬಾರದ ಕಡೆ ಸೋರದಂತೆ ವೈರಿಂಗ್ ಎಷ್ಟು ತಡೆಯುತ್ತದೆ ಅನ್ನುವ ಅಳತೆ ಇದು. ಮನೆಯ ವೈರಿಂಗ್ ಮುಗಿದ ಮೇಲೆ ಸಪ್ಲೈ ಕೊಡುವ ಮೊದಲು ಮೆಗ್ಗರ್ (ಈ ತಡೆಯನ್ನು ಅಳೆಯುವ ಉಪಕರಣ) ಹಾಕಿ ನೋಡಬೇಕು. ಮೇನ್ ಆಫ್ ಇರಬೇಕು. ಬಲ್ಬು, ಫ್ಯಾನು, ಟೀವಿ ಎಲ್ಲ ಬಿಡಿಸಿರಬೇಕು. ಸ್ವಿಚ್‌ಗಳು ಆನ್ ಆಗಿರಬೇಕು. ಆಮೇಲೆ 500 ವೋಲ್ಟ್ ಡಿಸಿ ಕೊಟ್ಟು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಅಳೆಯುತ್ತಾರೆ. ನಂತರ ಆ ಎರಡನ್ನೂ ಒಟ್ಟು ಸೇರಿಸಿ ಅರ್ಥ್ ಜೊತೆ ಅಳೆಯುತ್ತಾರೆ. ರೀಡಿಂಗ್ ಮೆಗಾಓಮ್‌ನಲ್ಲಿ (ಒಂದು ಮೆಗಾಓಮ್ ಅಂದರೆ ಹತ್ತು ಲಕ್ಷ ಓಮ್) ಬರುತ್ತದೆ. ಹಳೆಯ ಮೇಸ್ತ್ರಿಗಳ ಲೆಕ್ಕ ಎಂದರೆ 50ನ್ನು ಪಾಯಿಂಟ್‌ಗಳ (ಲೈಟು, ಫ್ಯಾನು, ಪ್ಲಗ್ಗಿಗೆ ವೈರ್ ಕೊಟ್ಟ ಜಾಗಗಳ) ಸಂಖ್ಯೆಯಿಂದ ಭಾಗಿಸುವುದು. 25 ಪಾಯಿಂಟ್ ಇರುವ ಮನೆಗೆ ಕನಿಷ್ಠ 2 ಮೆಗಾಓಮ್ ತೋರಿಸಬೇಕು. ಎಷ್ಟು ಜಾಸ್ತಿ ಬಂದರೆ ಅಷ್ಟು ಒಳ್ಳೆಯದು.

ಇದಕ್ಕೆ ನಾನು ನೋಡಿದ ಒಂದು ಕನ್ನಡ ಅನುವಾದ ‘ನಿರೋಧಕ ನಿರೋಧ’. ಇದು ತಮಾಷೆ ಅಲ್ಲ. ಕೆಲವು ಪುಸ್ತಕಗಳಲ್ಲಿ ನಿರೋಧಕ ಅಂದರೆ ಇನ್ಸುಲೇಟರ್, ಇನ್ನು ಕೆಲವು ಕಡೆ ಅದೇ ಪದ ರೆಸಿಸ್ಟರ್. ಎರಡನ್ನೂ ಒಂದೇ ಕಡೆ ತಂದರೆ ಹೀಗಾಗುತ್ತದೆ. (ಅದೂ ಅಲ್ಲದೆ, 1968ರಲ್ಲಿ ಸರ್ಕಾರ ತನ್ನ ಕಾಂಡೋಮ್‌ಗೆ ‘ನಿರೋಧ್’ ಅಂತ ಹೆಸರಿಟ್ಟ ಮೇಲೆ ಯಾವ ಕ್ಲಾಸಿನಲ್ಲೂ ಈ ಪದ ಹೇಳಿ ನಗು ತಪ್ಪಿಸಿಕೊಳ್ಳುವುದು ಕಷ್ಟ.)

ನಗುವುದಾದರೆ ನಗಲಿ ಬಿಡಿ. ನಿಜವಾದ ತೊಂದರೆ ಬೇರೆ ಇದೆ. ಅದೇ ಅಸೆಸ್‌ಮೆಂಟ್‌ನಲ್ಲಿ ಕಂಟಿನ್ಯೂಟಿ ಟೆಸ್ಟೂ ಇರುತ್ತದೆ. ಅರ್ಥ್ ವೈರ್ ಈ ತುದಿಯಿಂದ ಆ ತುದಿವರೆಗೆ ತುಂಡಾಗದೆ ಹೋಗಿದೆಯಾ ಅಂತ ನೋಡುವುದು. ಅಲ್ಲಿ ರೀಡಿಂಗ್ ಸೊನ್ನೆಗೆ ಹತ್ತಿರ ಇರಬೇಕು, 1 ಓಮ್ ದಾಟಬಾರದು. ಈಗ ‘ನಿರೋಧ ಎಷ್ಟಿರಬೇಕು?’ ಅಂತ ಕೇಳಿದರೆ ಹುಡುಗ ಏನು ಹೇಳಬೇಕು? ಒಂದು ಕಡೆ ಆದಷ್ಟು ಕಡಿಮೆ, ಇನ್ನೊಂದು ಕಡೆ ಲಕ್ಷಗಟ್ಟಲೆ ಓಮ್. ಎರಡನ್ನೂ ದಿನಾ ಮಾಡುವವನೇ ಈ ಪ್ರಶ್ನೆ ಕೇಳಿ ತಬ್ಬಿಬ್ಬಾಗುತ್ತಾನೆ. ಕೆಲಸ ಬರುವುದಿಲ್ಲ ಅಂತಲ್ಲ, ಯಾವ ಟೆಸ್ಟ್ ಬಗ್ಗೆ ಕೇಳುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ.

ಹತ್ತನೇ ತರಗತಿಯ ಪುಸ್ತಕದ ‘ರೋಧ’ (ರೆಸಿಸ್ಟೆನ್ಸ್) ಮತ್ತು ‘ಅವಾಹಕ’ (ಇನ್ಸುಲೇಟರ್) ಇದಕ್ಕಿಂತ ವಾಸಿ. ‘ಅವಾಹಕ ರೋಧ’ ಅಂದರೆ ಕನಿಷ್ಠ ಗೊಂದಲ ಇಲ್ಲ. ಆದರೆ ಯಾರ ಬಾಯಲ್ಲೂ ಬಂದ ಪದ ಅಲ್ಲ ಅದು. ‘ಸಜೀವ ತಂತಿ’ಯ ಕಥೆಯೂ ಅಷ್ಟೇ. ಪರೀಕ್ಷೆ ಬರೆದು ಮರೆತುಬಿಡುತ್ತೇವೆ, ಸೈಟ್‌ನಲ್ಲಿ ಎಲ್ಲರೂ ಫೇಸ್ ಅಂತಲೇ ಅನ್ನುವುದು.

ಇನ್ನೊಬ್ಬರು ‘ಹೊದಿಕೆಯ ತಡೆ’ ಅಂತ ಸೂಚಿಸಿದರು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಇದು ಅರ್ಧ ಸತ್ಯ. ಮೆಗ್ಗರ್ ನೋಡುವುದು ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಮಾತ್ರ ಅಲ್ಲ. ಜಂಕ್ಷನ್ ಬಾಕ್ಸ್‌ನಲ್ಲಿ ನೀರು ಇಳಿದಿದ್ದರೂ, ಸ್ವಿಚ್ಚಿನ ತಳದಲ್ಲಿ ಸಿಮೆಂಟ್ ಧೂಳು ತೇವ ಹಿಡಿದಿದ್ದರೂ, ಹೋಲ್ಡರ್ ಸುಟ್ಟಿದ್ದರೂ ರೀಡಿಂಗ್ ಬಿದ್ದುಹೋಗುತ್ತದೆ. ಹೊಸ ವೈರ್, ಒಳ್ಳೆಯ ಕಂಪನಿದು, ಆದರೂ ರೀಡಿಂಗ್ ಕಡಿಮೆ ಯಾಕೆ? ಇದು ವೈವಾದಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ. ‘ಹೊದಿಕೆ’ ಅಂತ ಕಲಿತವನು ವೈರನ್ನಷ್ಟೇ ದೂರುತ್ತಾನೆ.

ಸೈಟ್‌ನಲ್ಲಿ ಇದಕ್ಕೆ ಏನಂತಾರೆ? ‘ಮೆಗ್ಗರ್ ಎಷ್ಟು ಬಂತು?’ ಅಷ್ಟೇ. ಮೆಗ್ಗರ್ ಅನ್ನುವುದು ಒಂದು ಬ್ರ್ಯಾಂಡ್ ಹೆಸರು. ಉಪಕರಣಕ್ಕೂ ಅದೇ, ಟೆಸ್ಟ್‌ಗೂ ಅದೇ, ರೀಡಿಂಗ್‌ಗೂ ಅದೇ ಆಗಿಬಿಟ್ಟಿದೆ. ರೀಡಿಂಗ್ ಕೆಟ್ಟದಾಗಿ ಬಂದರೆ ‘ಲೀಕೇಜ್ ಇದೆ’ ಅನ್ನುತ್ತಾರೆ. ನನಗೆ ಈ ಮಾತಿನಲ್ಲಿ ದಾರಿ ಕಾಣಿಸುತ್ತಿದೆ. ಲೀಕೇಜ್ ಅಂದರೆ ಸೋರಿಕೆ. ‘ಸೋರಿಕೆ ತಡೆ’ ಅಂದರೆ ಹೇಗೆ? ‘ಸೋರಿಕೆ ತಡೆ 2 ಮೆಗಾಓಮ್ ಇದೆ’ ಅಂದಾಗ ಜಾಸ್ತಿ ಇದ್ದಷ್ಟು ಒಳ್ಳೆಯದು ಅನ್ನುವುದು ಪದದಲ್ಲೇ ಇದೆ. ‘ರೋಗನಿರೋಧಕ ಶಕ್ತಿ’ ಎಲ್ಲರಿಗೂ ಗೊತ್ತಿರುವುದರಿಂದ ‘ಸೋರಿಕೆ ನಿರೋಧಕ ಶಕ್ತಿ’ ಅಂತಲೂ ಹೇಳಬಹುದು. ಆದರೆ ಅಷ್ಟುದ್ದ ಯಾರು ಹೇಳುತ್ತಾರೆ?

ಒಂದು ಅಡ್ಡಿ ಇದೆ. 30 ಮಿಲಿಆಂಪ್ಸ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ ಇದೆಯಲ್ಲ, ತುಂಬ ಜನ ಅದನ್ನು ಈಗಲೂ ಇಎಲ್‌ಸಿಬಿ (ಇದರ ‘ಎಲ್’ ಅಂದರೆ ಲೀಕೇಜ್) ಅಂತಲೇ ಕರೆಯುತ್ತಾರೆ. ‘ಸೋರಿಕೆ ತಡೆ’ ಅಂದರೆ ಆ ಸಾಧನ ಅಂದುಕೊಳ್ಳಬಹುದಾ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ‘ಕರೆಂಟ್’. ಕರೆಂಟ್ ಹೋಯ್ತು, ಕರೆಂಟ್ ಹೊಡೀತು, ಕರೆಂಟ್ ಬಿಲ್, ಕರೆಂಟ್ ಕಂಬ. ನಮ್ಮ ಮಾತಿನಲ್ಲಿ ಕರೆಂಟ್ ಅಂದರೆ ವಿದ್ಯುತ್ತೇ. ಹಾಗಾಗಿ ‘2000 ವಾಟ್ ಗೀಸರ್ ಎಷ್ಟು ಕರೆಂಟ್ ಎಳೆಯುತ್ತೆ?’ ಅಂತ ಕೇಳಿದರೆ ‘ಗಂಟೆಗೆ 2 ಯೂನಿಟ್’ ಅನ್ನುತ್ತಾರೆ. ಅದು ತಪ್ಪಲ್ಲ, ಆದರೆ ಕೇಳಿದ್ದಕ್ಕೆ ಉತ್ತರ ಅಲ್ಲ. ‘ಎಷ್ಟು ಆಂಪ್ಸ್?’ ಅಂತ ಕೇಳಿ ನೋಡಿ. 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪ್ಸ್, ಅದಕ್ಕೇ 16 ಆಂಪ್ಸ್ ಸಾಕೆಟ್ ಬೇಕು ಅಂತ ತಕ್ಷಣ ಹೇಳುತ್ತಾರೆ. ಹಾಗಾಗಿ ನಾನು ‘ವಿದ್ಯುತ್ ಪ್ರವಾಹ’ ಬಿಟ್ಟು ಎಲ್ಲ ಕಡೆ ‘ಆಂಪ್ಸ್’ ಅಂತ ಬರೆದಿದ್ದೇನೆ. ಅಳತೆಯ ಹೆಸರನ್ನೇ ವಸ್ತುವಿಗೆ ಇಡುವುದು ಸರಿಯಲ್ಲ ಅನ್ನುವವರು ಇದ್ದರೆ ಹೇಳಿ, ಜಗಳ ಆಡೋಣ.

ಮೂರನೆಯದು ಚಿಕ್ಕದು. ‘ಕಾಂಪಿಟೆನ್ಸಿ’ಗೆ ಏನು ಬಳಸುವುದು? ‘ಅರ್ಹತೆ’ ಅಂದರೆ ಅರ್ಜಿ ಹಾಕಲು ಬೇಕಾದದ್ದು ಅನ್ನಿಸುತ್ತದೆ. ‘ಸಕ್ಷಮ’ ಅಂದರೆ ಸಕ್ಷಮ ಪ್ರಾಧಿಕಾರ, ಸಹಿ ಹಾಕುವ ಸಾಹೇಬರು. ‘ಸಾಮರ್ಥ್ಯ’ ಮೋಟರಿಗೂ ಇದೆ. ಇದು ಮುಖ್ಯ ಯಾಕೆಂದರೆ ಹುಡುಗರು ಇಲ್ಲಿ ಎರಡು ಕಾಗದಗಳನ್ನು ಒಂದೇ ಅಂದುಕೊಳ್ಳುತ್ತಾರೆ. ಆರ್‌ಪಿಎಲ್ ಸರ್ಟಿಫಿಕೇಟ್ ಕೆಲಸ ಬರುತ್ತದೆ ಅನ್ನುವುದಕ್ಕೆ ಸಾಕ್ಷಿ. ವಿದ್ಯುತ್ ಪರಿವೀಕ್ಷಣಾಲಯದ ವೈರ್‌ಮನ್ ಪರ್ಮಿಟ್ ಬೇರೆ, ಅದು ಕಾನೂನಿನ ಅನುಮತಿ. ನಾನು ಸದ್ಯಕ್ಕೆ ‘ಕೆಲಸದ ಪರಿಣತಿ’ ಅಂತ ಬರೆದು, ಪರ್ಮಿಟ್ಟನ್ನು ಪರ್ಮಿಟ್ ಅಂತಲೇ ಬಿಟ್ಟಿದ್ದೇನೆ.

‘ಅರ್ಥಿಂಗ್’ ಅಂತ ಬರೆಯಬೇಕಾ ‘ಅರ್ತಿಂಗ್’ ಅಂತಲಾ ಅನ್ನುವುದನ್ನೂ ಯಾರಾದರೂ ತೀರ್ಮಾನ ಮಾಡಿ. ‘ಈ ಪ್ಲಗ್ಗಿಗೆ ಅರ್ಥ್ ಇಲ್ಲ’ ಅನ್ನುವುದನ್ನು ಪ್ರೂಫ್ ನೋಡಿದವರು ‘ಅರ್ಥ ಇಲ್ಲ’ ಅಂತ ತಿದ್ದಿಬಿಟ್ಟಿದ್ದರು.

ಕೆಇಬಿ ಕಾಲದಿಂದ ಲೈನ್ ಕೆಲಸ ಮಾಡಿದವರು ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇದ್ದರೆ ದಯವಿಟ್ಟು ಕೇಳಿ: ಮೆಗ್ಗರ್ ಅನ್ನದೆ ಈ ಟೆಸ್ಟ್‌ಗೆ ಅವರು ಬೇರೆ ಏನಾದರೂ ಹೇಳುತ್ತಿದ್ದರಾ? ಕಲಬುರಗಿ, ಬೆಳಗಾವಿ, ಮಂಗಳೂರು ಕಡೆಯ ಮಾತು ಬೇರೆ ಇರಬಹುದು, ಅದೂ ಬೇಕು. ಬರೀ ಪದ ಕಳಿಸಬೇಡಿ, ಅದನ್ನು ಅವರು ಬಳಸಿದ ಒಂದು ವಾಕ್ಯವನ್ನೂ ಹಾಗೇ ಬರೆದು ಕಳಿಸಿ.