ಓದಿದ್ದು ತಿಂಗಳಲ್ಲೇ ಮರೆಯುತ್ತದೆ: ಮತ್ತೆ ಓದಬೇಕೋ, ಪುಸ್ತಕ ಮುಚ್ಚಿ ಬರೆಯಬೇಕೋ?

ಗಾಂಧಿಬಜಾರ್ ಓದುಗ: ಇತಿಹಾಸ, ವಿಜ್ಞಾನದ ಪುಸ್ತಕ ಓದುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತದೆ. ತಿಂಗಳು ಬಿಟ್ಟು ಯಾರಾದರೂ ಕೇಳಿದರೆ ಮುಖಪುಟ ಬಿಟ್ಟು ಬೇರೇನೂ ನೆನಪಿಗೆ ಬರಲ್ಲ. ಗೆರೆ ಎಳೆಯುವುದು, ಎರಡನೇ ಸಲ ಓದುವುದು ಎಲ್ಲರೂ ಹೇಳುವ ಉಪಾಯ. ಪರೀಕ್ಷೆಗಲ್ಲದೆ ಖುಷಿಗೆ ಓದುವವರಿಗೆ ಯಾವ ಕ್ರಮ ಸರಿ?

ವಿಜಯನಗರ ನೋಟ್ಸ್: ಎಡವಟ್ಟಾಗುವುದೇ ಮತ್ತೆ ಓದುವುದರಲ್ಲಿ. ಎರಡನೇ ಸಲ ಸಾಲುಗಳು ಪರಿಚಿತ ಅನಿಸುತ್ತವೆ, ಅದನ್ನೇ ನೆನಪು ಅಂದುಕೊಂಡುಬಿಡುತ್ತೇವೆ. 2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಪ್ರಕಟಿಸಿದ ಪ್ರಯೋಗ ನೋಡಿ. ಒಂದು ಗುಂಪು ಗದ್ಯಭಾಗವೊಂದನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದೇ ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ವಾರದ ನಂತರ ಓದಿದವರಲ್ಲಿ ಉಳಿದಿದ್ದು ಸುಮಾರು 40%, ಬರೆದವರಲ್ಲಿ 61%.

ಅಧ್ಯಾಯ ಮುಗಿದ ತಕ್ಷಣ ಪುಸ್ತಕ ಮುಚ್ಚಿ. ಖಾಲಿ ಹಾಳೆಯಲ್ಲಿ ಐದರಿಂದ ಹತ್ತು ನಿಮಿಷ, ಲೇಖಕರು ಏನು ಹೇಳುತ್ತಿದ್ದಾರೆ, ಅದಕ್ಕೆ ಕೊಟ್ಟ ಆಧಾರ ಏನು, ಅಷ್ಟನ್ನು ಬರೆಯಿರಿ. ಹೊಳೆಯದ ಜಾಗ ಖಾಲಿ ಬಿಡಿ, ಇಣುಕಬೇಡಿ. ಆಮೇಲೆ ಪುಸ್ತಕ ತೆರೆದು ಬೇರೆ ಶಾಯಿಯಲ್ಲಿ ತುಂಬಿ. ಮುಂದಿನ ಸಲ ನೋಡಬೇಕಾದ್ದು ಆ ಬೇರೆ ಬಣ್ಣದ ಸಾಲುಗಳನ್ನು ಮಾತ್ರ.

ಪುಟ ಮಡಚುವವಳು: ಪ್ರಯೋಗ ನಡೆದಿದ್ದು ಚಿಕ್ಕ ಗದ್ಯಭಾಗದ ಮೇಲೆ. ಇಪ್ಪತ್ತು ಅಧ್ಯಾಯದ ಪುಸ್ತಕಕ್ಕೆ ಹತ್ತತ್ತು ನಿಮಿಷ ಅಂದರೂ ಮೂರು ಗಂಟೆ ದಾಟುತ್ತದೆ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೊದಲ್ಲಿ ನಿಂತೇ ಓದುವವರು ಹಾಳೆ ಎಲ್ಲಿ ಹರಡಿಕೊಳ್ಳಬೇಕು? ಕಾದಂಬರಿಗಂತೂ ಇದನ್ನು ದಯವಿಟ್ಟು ಹಚ್ಚಬೇಡಿ. ಅಲ್ಲಿ ಎರಡನೇ ಓದಿಗೇ ಬೆಲೆ. ಕೊನೆ ಗೊತ್ತಿದ್ದು ಮೊದಲ ಅಧ್ಯಾಯಕ್ಕೆ ಮರಳಿದರೆ ಆಗ ಕಾಣದಿದ್ದದ್ದು ಕಾಣುತ್ತದೆ.

ನೇರಳೆ ಮಾರ್ಗ: ಒಂದೇ ದಿನದಲ್ಲಿ ಮೂರರಲ್ಲೆರಡು ಪಾಲು ಮರೆಯುತ್ತದೆ ಅಂತಾರಲ್ಲ, ಹಾಗಿದ್ದ ಮೇಲೆ ಅದೇ ದಿನ ಬರೆಯಲೇಬೇಕಲ್ಲವೇ?

ವಿಜಯನಗರ ನೋಟ್ಸ್: ಆ ಲೆಕ್ಕ 1885ರಲ್ಲಿ ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತನ್ನೊಬ್ಬನ ಮೇಲೆಯೇ ಪರೀಕ್ಷಿಸಿ ಕೊಟ್ಟದ್ದು, ಅದೂ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ. ಅರ್ಥವಿರುವ ಬರಹ ಅಷ್ಟು ಬೇಗ ಅಳಿಯಲ್ಲ. ಆ ಸಂಖ್ಯೆಯನ್ನು ಪುಸ್ತಕಕ್ಕೆ ಅಂಟಿಸುವುದು ತಪ್ಪು.

ಮೆಟ್ರೊಗೆ ಹಾಳೆ ಬೇಡ. ಇಳಿಯುವ ಎರಡು ನಿಲ್ದಾಣ ಮುಂಚೆ ಪುಸ್ತಕ ಮುಚ್ಚಿ, ಓದಿದ್ದರ ಮೂರು ಮುಖ್ಯ ಮಾತು ಮನಸ್ಸಿನಲ್ಲೇ ಹೇಳಿಕೊಳ್ಳಿ. ಮರುದಿನ ಹತ್ತಿದಾಗ ಪುಸ್ತಕ ತೆರೆಯುವ ಮೊದಲು ಅದೇ ಮೂರನ್ನು ಮತ್ತೆ ಹೇಳಿಕೊಳ್ಳಿ. ಬಾರದಿದ್ದರೆ ಮಾತ್ರ ಹಿಂದಿನ ಪುಟ ತಿರುಗಿಸಿ.

ಕಬ್ಬನ್ ಪಾರ್ಕ್ ಬೆಂಚು: ವರ್ಷಗಟ್ಟಲೆ ಉಳಿಯಬೇಕಾದ್ದಕ್ಕೆ ಕಾರ್ಡೇ ಸರಿ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಪತ್ರಕರ್ತ ಲೈಟ್ನರ್ 1972ರಲ್ಲಿ ಹೇಳಿದ ಡಬ್ಬಿ ಕ್ರಮದಲ್ಲಿ, ಉತ್ತರ ಬಂದ ಕಾರ್ಡು ಮುಂದಿನ ಖಾನೆಗೆ ಹೋಗಿ ತಡವಾಗಿ ಬರುತ್ತದೆ, ತಪ್ಪಿದ್ದು ಮೊದಲ ಖಾನೆಗೇ ವಾಪಸ್. ಫೋನಿನಲ್ಲೇ ಇಂಥ ಕಾರ್ಡು ಮಾಡಿಕೊಳ್ಳುವ ಆಂಕಿ ಆ್ಯಪ್ ಆ ಅಂತರವನ್ನು ತಾನೇ ಲೆಕ್ಕ ಹಾಕುತ್ತದೆ.

ಕೆಡುವುದು ಪ್ರಶ್ನೆ ಬರೆಯುವಲ್ಲಿ. ‘ಶಿವನಸಮುದ್ರದ ಬಗ್ಗೆ ಬರೆಯಿರಿ’ ಅಂತ ಹಾಕಿದರೆ ಉತ್ತರ ಪ್ರತಿ ಸಲ ಬೇರೆಯಾಗುತ್ತದೆ, ಸರಿಯೋ ತಪ್ಪೋ ಗೊತ್ತಾಗಲ್ಲ. ಹೀಗೆ ಬರೆಯಿರಿ: ‘1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋಗಿದ್ದು ಎಲ್ಲಿಗೆ, ಯಾಕೆ?’ ಉತ್ತರ: ಕೋಲಾರದ ಚಿನ್ನದ ಗಣಿಗೆ, ಅಲ್ಲಿನ ಯಂತ್ರಗಳಿಗಾಗಿ. ಎರಡನೇ ಕಾರ್ಡು: ‘ಬೆಂಗಳೂರಿಗೆ ಯಾವಾಗ?’ 1905. ಯೋಜನೆ ರೂಪುಗೊಂಡಿದ್ದು ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ ಇರುವುದು ಅವರ ಸ್ಮಾರಕ ಭವನದಲ್ಲೇ. ಗೊತ್ತಿರುವ ಕಟ್ಟಡಕ್ಕೆ ಹೀಗೆ ಗಂಟು ಹಾಕಿದ ಇಸವಿ ಬೇಗ ಜಾರುವುದಿಲ್ಲ.

ಪುಟ ಮಡಚುವವಳು: ಇಸವಿ ಉಳಿಯುತ್ತದೆ, ವಾದ ಚೂರುಚೂರಾಗುತ್ತದೆ. ನಲವತ್ತು ಕಾರ್ಡು ಬಾಯಿಗೆ ಬಂದರೂ ಲೇಖಕರು ಒಂದರಿಂದ ಇನ್ನೊಂದಕ್ಕೆ ಹೇಗೆ ಹೋದರು ಅಂದರೆ ಉತ್ತರ ಇರಲ್ಲ.

ಕಬ್ಬನ್ ಪಾರ್ಕ್ ಬೆಂಚು: ಒಪ್ಪಿದೆ. ಅದಕ್ಕೇ ಪುಸ್ತಕಕ್ಕೆ ಹತ್ತು-ಹದಿನೈದು ಸಾಕು, ಅರ್ಧದಷ್ಟಾದರೂ ‘ಯಾಕೆ’, ‘ಹೇಗೆ’ ಕೇಳುವಂಥವಿರಲಿ. ನಲವತ್ತು ಮಾಡಿದರೆ ಬಾಕಿ ಗುಡ್ಡೆಯಾಗಿ ಆ್ಯಪ್ ತೆರೆಯುವುದೇ ನಿಂತುಹೋಗುತ್ತದೆ.

ವಿಜಯನಗರ ನೋಟ್ಸ್: ವಾದದ ಎಳೆಗೆ ಹಾಳೆಯೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅಂತರದ ಬಗ್ಗೆ ಒಂದು ಮಾತು: ಮನೋವಿಜ್ಞಾನಿ ಸೆಪೆಡಾ ಮತ್ತು ಸಂಗಡಿಗರ 2008ರ ಅಧ್ಯಯನದ ಪ್ರಕಾರ, ಎಷ್ಟು ಕಾಲ ನೆನಪಿರಬೇಕೋ ಅದಕ್ಕೆ ತಕ್ಕಂತೆ ಅಂತರವೂ ದೊಡ್ಡದಿರಬೇಕು. ವಾರಕ್ಕಾದರೆ ಒಂದು ದಿನ, ವರ್ಷಕ್ಕಾದರೆ ಸುಮಾರು ಮೂರು ವಾರ ಬಿಟ್ಟು ಮರುಪರೀಕ್ಷೆ.

ಗಾಂಧಿಬಜಾರ್ ಓದುಗ: ಗ್ರಂಥಾಲಯದ ಪುಸ್ತಕವಾದರೆ? ಗೆರೆ ಎಳೆಯುವಂತಿಲ್ಲ, ಮೂರು ವಾರಕ್ಕೆ ಕೈಯಲ್ಲೂ ಇರಲ್ಲ.

ಪುಟ ಮಡಚುವವಳು: ಅಂಗೈಯಗಲದ ಚೀಟಿಯೊಂದನ್ನು ಬುಕ್‌ಮಾರ್ಕ್ ಮಾಡಿಕೊಳ್ಳಿ. ಸಾಲನ್ನು ನಕಲು ಮಾಡಬೇಡಿ. ಪುಟಸಂಖ್ಯೆ ಹಾಕಿ ಪಕ್ಕದಲ್ಲಿ ಆ ಪುಟ ಉತ್ತರಿಸುವ ಪ್ರಶ್ನೆ ಬರೆಯಿರಿ. ವಾಪಸ್ ಕೊಡುವ ಹಿಂದಿನ ದಿನ ಚೀಟಿ ಮಾತ್ರ ಇಟ್ಟುಕೊಂಡು ಎಲ್ಲಕ್ಕೂ ಉತ್ತರ ಹೇಳಿ ನೋಡಿ. ಬಾರದ ಪುಟಗಳನ್ನು ಆವತ್ತೇ ಮತ್ತೆ ಓದಿ, ಉತ್ತರವನ್ನು ಚೀಟಿಯ ಹಿಂಬದಿಗೆ ನಿಮ್ಮ ಮಾತಲ್ಲಿ ಇಳಿಸಿ. ಪುಸ್ತಕದ ಹೆಸರು, ಮುದ್ರಣದ ವರ್ಷ ಬರೆಯುವುದು ಬಿಡಬೇಡಿ, ಬೇರೆ ಮುದ್ರಣದಲ್ಲಿ ಪುಟಸಂಖ್ಯೆ ಬದಲಾಗಿರುತ್ತದೆ.