ಹೊಸ ಎಲ್‌ಪಿ ರೆಕಾರ್ಡ್ ತಂದರೂ ಚಟಪಟ ಸದ್ದು, ಯಾರಾದರೂ ಹೇಳಿ

ಪಿಜೆ_ಬಡಾವಣೆ (ದಾವಣಗೆರೆ):
ತಲೆ ಕೆಟ್ಟುಹೋಗಿದೆ. ಹೊಸ ಎಲ್‌ಪಿ, ಪ್ಲಾಸ್ಟಿಕ್ ಹರಿದಿದ್ದೇ ನಾನು. ಹಾಕಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ. ಅಂಗಡಿಯವರು ಬದಲಿಸಿ ಕೊಟ್ಟರು, ಅದೂ ಅಷ್ಟೇ. ಅಪ್ಪನ ಕಾಲದ ರೆಕಾರ್ಡುಗಳಲ್ಲಂತೂ ಹಾಡಿನ ಹಿಂದೆ ಮಳೆ ಸುರಿಯುತ್ತದೆ. ಈಗಿನ ರೆಕಾರ್ಡುಗಳೇ ಕಳಪೆಯಾ?

ದುರ್ಗದ_ಗಾಳಿ:
ಸ್ಟ್ಯಾಟಿಕ್, ಅಂದರೆ ಉಜ್ಜಿದಾಗ ಹುಟ್ಟುವ ವಿದ್ಯುತ್ತು. ಬೇರೆ ಮಾತೇ ಇಲ್ಲ. ಈ ಒಣಹವೆಯಲ್ಲಿ ಕಾಗದದ ಒಳಕವರ್‌ನಿಂದ ಎಳೆದರೆ ತೋಳಿನ ಕೂದಲು ಎದ್ದು ನಿಲ್ಲುತ್ತದೆ, ನೋಡಿ. ಕಾರ್ಬನ್ ಫೈಬರ್ ಬ್ರಶ್ ತಗೊಳ್ಳಿ.

ಪಿಜೆ_ಬಡಾವಣೆ:
ಬ್ರಶ್ ಇದೆ ಅಣ್ಣ. ಏನೂ ಬದಲಾಗಲಿಲ್ಲ.

ದುರ್ಗದ_ಗಾಳಿ:
ಹಿಡಿಯುವ ರೀತಿ ತಪ್ಪಿರಬೇಕು. ಮನೆ ಹತ್ತಿರ ಮಂಡಕ್ಕಿ ಭಟ್ಟಿ ಇದೆಯಾ? ಆ ಹೊಗೆ, ಬೂದಿ ಎಲ್ಲ ಸ್ಟ್ಯಾಟಿಕ್‌ಗೆ ಅಂಟಿಕೊಳ್ಳುತ್ತದೆ.

ಪಿಜೆ_ಬಡಾವಣೆ:
ಭಟ್ಟಿ ಎಲ್ಲಿ, ನಮ್ಮ ಮನೆ ಎಲ್ಲಿ!

ಮುಳ್ಳಿನ_ಮಾವ:
ತಮ್ಮಾ, ಸದ್ದು ಹೇಗೆ ಬರುತ್ತದೆ ಅಂತ ಮೊದಲು ಕಿವಿಗೊಟ್ಟು ಕೇಳು. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಅದೇ ಲೆಕ್ಕದಲ್ಲಿ ಟಿಕ್, ಟಿಕ್ ಅಂದರೆ ಗೀರು. ಎಲ್ಲೆಂದರಲ್ಲಿ ಸಿಡಿದರೆ ಧೂಳು, ಸ್ಟ್ಯಾಟಿಕ್. ಬಿಡದೆ ಸರ್ರ್ ಅಂದರೆ ರೆಕಾರ್ಡಿನ ಗೆರೆ ಸವೆದಿದೆ, ಇಲ್ಲ ಮುಳ್ಳಿನದೇ ತೊಂದರೆ. ಎರಡು ಹೊಸ ಪ್ರತಿಗಳೂ ಒಂದೇ ಥರ ಸದ್ದು ಮಾಡಿವೆ ಅಂದರೆ ನನಗೆ ರೆಕಾರ್ಡಿನ ಮೇಲೆ ಅನುಮಾನ ಇಲ್ಲ. ಪ್ಲೇಯರ್ ಯಾವುದು?

ವಾಲ್ವ್_ಪ್ರಿಯ:
ಐಸೋಪ್ರೊಪೈಲ್ ಆಲ್ಕೋಹಾಲ್ ನೀರಿಗೆ ಬೆರೆಸಿ ತೊಳೆಯಿರಿ ಸರ್. ನಾನು 78ಗಳನ್ನೂ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ರೆಕಾರ್ಡುಗಳು) ಅದರಲ್ಲೇ ತೊಳೆಯೋದು.

ಮುಳ್ಳಿನ_ಮಾವ:
78ಗಳನ್ನಾ? ಅಯ್ಯೋ ದೇವರೇ. ಅದು ಎಲ್‌ಪಿ ಥರ ವಿನೈಲ್ ಪ್ಲಾಸ್ಟಿಕ್ ಅಲ್ಲರೀ, ಶೆಲ್ಲಾಕ್, ಅಂದರೆ ಅರಗು. ಮರಕ್ಕೆ ಪಾಲಿಶ್ ಹಾಕುವವರನ್ನು ಕೇಳಿ, ಅವರು ಅರಗು ಕರಗಿಸೋದೇ ಆಲ್ಕೋಹಾಲ್ ಇರುವ ಸ್ಪಿರಿಟ್‌ನಲ್ಲಿ.

ವಾಲ್ವ್_ಪ್ರಿಯ:
ನನ್ನದು ಯಾವುದೂ ಕರಗಿಲ್ಲ. ಇಎಲ್34 ವಾಲ್ವ್ ಜೋಡಿ ಹಾಕಿ ನಾನೇ ಕಟ್ಟಿದ ಆಂಪ್ಲಿಫೈಯರ್, ಆ ಆಂಪ್‌ನಲ್ಲಿ ಕೇಳ್ತೀನಿ, ಕೆಟ್ಟಿದ್ದರೆ ಗೊತ್ತಾಗ್ತಿರಲಿಲ್ವಾ? ಫೋಟೋ ಹಾಕ್ತೀನಿ ಇರಿ.

ದುರ್ಗದ_ಗಾಳಿ:
ಆಂಪ್ ಯಾರು ಕೇಳಿದರು ಇಲ್ಲಿ?

ಮುಳ್ಳಿನ_ಮಾವ:
ಪ್ಲೇಯರ್ ಯಾವುದು ಅಂತ ಕೇಳಿದ್ದೆ.

ಪಿಜೆ_ಬಡಾವಣೆ:
ಹೇಳಿರಲಿಲ್ವಾ? ಅಪ್ಪನದೇ, ಸೂಟ್‌ಕೇಸ್ ಥರದ್ದು. ಅಟ್ಟದಿಂದ ಇಳಿಸಿ ಬೆಲ್ಟ್ ಹಾಕಿಸಿದೆ. ಮುಳ್ಳಿನ ಹತ್ತಿರ ಉಗುರಿನಷ್ಟು ಸಣ್ಣ ಕಡ್ಡಿ ಇದೆ, ಆ ಕಡೆ ಈ ಕಡೆ ತಿರುಗುತ್ತದೆ. ಈಗ 78 ಅಂತ ಬರೆದಿರುವುದು ಮುಂದೆ ಕಾಣುತ್ತದೆ. ಅದು ವೇಗಕ್ಕೆ ಅಲ್ವಾ?

ಮುಳ್ಳಿನ_ಮಾವ:
ಅಲ್ಲಪ್ಪಾ! ವೇಗಕ್ಕೆ ಬೇರೆ ಗುಂಡಿ. ಅದು ಮುಳ್ಳು ಬದಲಿಸುವ ಕಡ್ಡಿ. 78ರ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ), ಎಲ್‌ಪಿಗೆ ಬೇಕಾದದ್ದು 1 ಮಿಲ್ ಅಥವಾ ಅದಕ್ಕೂ ಸಣ್ಣದು. ನಿನ್ನದು ಗೆರೆಯ ಒಳಗೆ ಇಳಿಯುವುದೇ ಇಲ್ಲ, ಮೇಲಂಚಿನಲ್ಲಿ ಕೂತು ಉಜ್ಜುತ್ತದೆ. ಧೂಳು, ಗೀರು ಎಲ್ಲ ಇರುವುದೂ ಅಲ್ಲೇ. ತಿರುಗಿಸಿ ನೋಡು.

ಪಿಜೆ_ಬಡಾವಣೆ:
ತಿರುಗಿಸಿದೆ ಮಾವ. ಅರ್ಧಕ್ಕರ್ಧ ಕಡಿಮೆ! ಧ್ವನಿ ತುಂಬಿಕೊಂಡು ಬರುತ್ತಿದೆ. ಆದರೆ ಮೊದಲ ಹಾಡು ಹತ್ತಿಪ್ಪತ್ತು ಸಲ ಹಾಕಿದ್ದೆ, ಅದರಲ್ಲಿ ಸರ್ರ್ ಹಾಗೇ ಇದೆ.

ಮುಳ್ಳಿನ_ಮಾವ:
ಅದು ಇನ್ನು ಹೋಗಲ್ಲ. ದಪ್ಪ ಮುಳ್ಳು ಕೆರೆದ ಗುರುತು ಅದು. ಎಲ್‌ಪಿ ಕಡೆಯ ಮುಳ್ಳೂ ಎಷ್ಟು ವರ್ಷದ್ದೋ ಏನೋ, ಹೊಸದು ಹಾಕಿಸುವ ತನಕ ಒಳ್ಳೆ ರೆಕಾರ್ಡ್ ಮುಟ್ಟಿಸಬೇಡ.

ದುರ್ಗದ_ಗಾಳಿ:
ಉಳಿದರ್ಧ ಸ್ಟ್ಯಾಟಿಕ್. ಬರೆದಿಟ್ಟುಕೊಳ್ಳಿ.

ವಾಲ್ವ್_ಪ್ರಿಯ:
ಮಾವ, ಸುಮ್ನೆ ಕೇಳ್ತಿದ್ದೀನಿ. ಒಂದು 78ರಲ್ಲಿ ಲೇಬಲ್ ಪಕ್ಕ ಹೊಳಪು ಹೋಗಿ ಮಂಜು ಕವಿದ ಹಾಗಿದೆ. ಬೆರಳಿಗೆ ಕಪ್ಪು ಹತ್ತುತ್ತಿದೆ. ಮೊದಲೇ ಹೀಗಿತ್ತೇನೋ ಅಲ್ವಾ?