ಅಪ್ಪನ ಕೈಬರಹದ ಫಾಂಟ್: ಒತ್ತಕ್ಷರ ಬಂದರೆ ಅಂದ ಕೆಡುತ್ತಿದೆ, ಏನು ಮಾಡಲಿ?

ತಿಪಟೂರಿನವಳು:
ನಮಸ್ಕಾರ. ನಮ್ಮಪ್ಪ ಕನ್ನಡ ಮೇಷ್ಟ್ರಾಗಿದ್ದವರು. ಇಂಕ್ ಪೆನ್ನಿನಲ್ಲಿ ಸ್ವಲ್ಪ ಬಲಕ್ಕೆ ವಾಲಿಸಿ ಬರೆಯುತ್ತಾರೆ. ತಲೆಕಟ್ಟು ಕೂದಲೆಳೆಯಷ್ಟು ತೆಳು, ಅಕ್ಷರದ ಹೊಟ್ಟೆ ಮಾತ್ರ ಕೊಂಚ ದಪ್ಪ. ಆ ಬರಹವನ್ನೇ ಫಾಂಟ್ ಮಾಡಿ ತಂಗಿಯ ಮದುವೆ ಕಾರ್ಡಿಗೆ ಹಾಕಿಸಬೇಕು ಅಂತ ನನಗೆ ತುಂಬಾ ಆಸೆ. ಸ್ಕ್ಯಾನ್ ಮಾಡಿ, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಗೆರೆ ತಿದ್ದಿ, ಫಾಂಟ್ ಮಾಡುವ ಫಾಂಟ್‌ಫೋರ್ಜ್‌ಗೆ ತಂದಿದ್ದೇನೆ. ಬಿಡಿ ಅಕ್ಷರಗಳು ಥೇಟ್ ಅಪ್ಪನದೇ.

ಆದರೆ "ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ" ಅಂತ ಟೈಪ್ ಮಾಡಿದರೆ ಒತ್ತುಗಳು ಬೇರೆ ಯಾರೋ ಬರೆದ ಹಾಗೆ ಕಾಣುತ್ತವೆ. ದ, ಧ, ಶ, ವ ಇವುಗಳ ಒತ್ತಿಗೆ ಮೂಲ ಅಕ್ಷರವನ್ನೇ ಚಿಕ್ಕದು ಮಾಡಿ ಇಟ್ಟಿದ್ದೇನೆ. ಕಾಗುಣಿತ ಪೂರ್ತಿ ಬೇರೆ ಬೇರೆ ಬರೆಸಬೇಕಾ? ಇನ್ನೊಂದು: ಕಾರ್ಡ್ ಅಂಗಡಿಯವರು "ಇಷ್ಟು ತೆಳು ಗೆರೆ ಪ್ರಿಂಟಲ್ಲಿ ಬರಲ್ಲ" ಅಂದರು. ನಿಜವೇ?

ಅಕ್ಷರಪ್ರೀತಿ:
ಒತ್ತಿನ ತೊಂದರೆ ಚಿಕ್ಕದು ಮಾಡಿದ್ದರಿಂದಲೇ ಬಂದದ್ದು. ಅಕ್ಷರ ಕುಗ್ಗಿಸಿದರೆ ಗೆರೆಯೂ ಕುಗ್ಗುತ್ತದೆ. ಒತ್ತು ಬರೆಯುವಾಗ ಅಪ್ಪ ನಿಬ್ಬು ಬದಲಿಸುವುದಿಲ್ಲ ಅಲ್ವಾ? ಅದೇ ನಿಬ್ಬು, ಅದೇ ದಪ್ಪ. ಹಾಗಾಗಿ ಒತ್ತುಗಳನ್ನು ಬೇರೆಯೇ ಬರೆಸಿ. ಅದೂ ಬಿಡಿಬಿಡಿಯಾಗಿ ಬೇಡ, ಇಡೀ ಪದ ಬರೆಸಿ: ಲಕ್ಷ್ಮಿ, ಮುಹೂರ್ತ, ಆರತಕ್ಷತೆ, ಸ್ವಾತಂತ್ರ್ಯ, ಮಹೋತ್ಸವ. ಪದದ ಓಟದಲ್ಲಿ ಒತ್ತು ಎಲ್ಲಿಂದ ಶುರುವಾಗುತ್ತದೆ, ಎಷ್ಟು ಕೆಳಗೆ ಇಳಿಯುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು.

ಕಾಗುಣಿತ ಪೂರ್ತಿ ಬೇಡ. ಗುಡಿಸು ಬಂದ ರೂಪ (ಕಿ, ಗಿ, ತಿ) ಪ್ರತಿ ವ್ಯಂಜನಕ್ಕೂ ಬರೆಸಿ, ಬರೆಯುವವರ ಕೈ ಗುರುತು ಸಿಗುವುದೇ ಅಲ್ಲಿ. ತಲೆಕಟ್ಟು ಇಲ್ಲದ ರೂಪವೂ ಬೇಕು, ಎತ್ವ ಅದರ ಮೇಲೆ ಕೂರುತ್ತದೆ. ಕೊಂಬು, ವಟ್ರಸುಳಿ ಒಂದೊಂದು ಸಾಕು. ಪು, ಫು, ವು ಮಾತ್ರ ಬೇರೆ, ಅಲ್ಲಿ ಕೊಂಬು ಕೆಳಗಿನಿಂದ ಬರುತ್ತದೆ.

ಅರವಿಂದ ವಿ.ಕೆ. ಅವರ 'ನವಿಲು' ಮುಕ್ತ ಫಾಂಟು, ಕೈಬರಹದ ಶೈಲಿಯದೇ. ಅದನ್ನು ಫಾಂಟ್‌ಫೋರ್ಜ್‌ನಲ್ಲಿ ತೆರೆದು, ಒತ್ತುಗಳ ನಿಯಮ ಹೇಗೆ ಬರೆದಿದ್ದಾರೆ ನೋಡಿ. ಹಾಗೇ ಫಾಂಟಿನಲ್ಲಿ ಅಕ್ಷರದ ಸಾಲಿನ ಕೆಳಗೆ ಬಿಡುವ ಜಾಗದ ಅಳತೆಯನ್ನು ಧಾರಾಳವಾಗಿ ಇಡಿ. ಇಲ್ಲದಿದ್ದರೆ 'ಕ್ಷ್ಮಿ' ತರಹ ಎರಡು ಒತ್ತು ಬಂದ ಕಡೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ ಬುಡವೇ ಕತ್ತರಿಸಿ ಹೋಗುತ್ತದೆ.

ಮಂಡಿಪೇಟೆ ಪ್ರೆಸ್:
ಮೇಡಂ, ತುಮಕೂರಿನಲ್ಲಿ ಕಾರ್ಡ್ ಪ್ರಿಂಟ್ ಮಾಡುವುದೇ ನನ್ನ ಕೆಲಸ. ಅಂಗಡಿಯವರು ಹೇಳಿದ್ದು ಅರ್ಧ ನಿಜ. ಲೆಕ್ಕ ಹೀಗೆ. ಫಾಂಟಿನಲ್ಲಿ ಅಕ್ಷರ ಬರೆಯುವ ಚೌಕದ ಎತ್ತರ 1000 ಯೂನಿಟ್, ಸೈಜ್ ಎಷ್ಟು ಪಾಯಿಂಟೋ ಆ ಚೌಕ ಅಷ್ಟು ಎತ್ತರ ಬರುತ್ತದೆ. ನಿಮ್ಮ ತಲೆಕಟ್ಟು 25 ಯೂನಿಟ್ ಅಂದುಕೊಳ್ಳಿ. 40 ಪಾಯಿಂಟ್ ಸೈಜಿನಲ್ಲಿ ಆ ಗೆರೆ ಸರಿಯಾಗಿ 1 ಪಾಯಿಂಟ್ ಬರುತ್ತದೆ. 12 ಪಾಯಿಂಟಿಗೆ ಇಳಿಸಿದರೆ 0.3. ಆಫ್‌ಸೆಟ್ (ಪ್ಲೇಟ್ ಮಾಡಿ ಮೆಷಿನ್ನಿನಲ್ಲಿ ಅಚ್ಚು ಹಾಕುವುದು) ಆದರೆ 0.3 ಕೂಡ ಬರುತ್ತದೆ. ಮದುವೆ ಕಾರ್ಡು ಜಾಸ್ತಿ ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿಯ ಮೂಲಕ ಇಂಕು ಒತ್ತುವುದು. ಆ ಜಾಲರಿಯಲ್ಲಿ ಅಷ್ಟು ಸಣ್ಣ ಗೆರೆ ತುಂಡಾಗುತ್ತದೆ. ಸ್ಕ್ರೀನಿಗೆ ನಾನು 1 ಪಾಯಿಂಟಿಗಿಂತ ಕೆಳಗೆ ಇಳಿಯುವುದಿಲ್ಲ.

ಅದಕ್ಕೇ ಈ ಫಾಂಟನ್ನು ಮೇಲಿನ ದೇವರ ಸಾಲಿಗೆ, ಹುಡುಗ ಹುಡುಗಿ ಹೆಸರಿಗೆ ಮಾತ್ರ ಇಡಿ, ದೊಡ್ಡದಾಗಿ. ಮುಹೂರ್ತ, ಛತ್ರದ ವಿಳಾಸ, ಫೋನ್ ನಂಬರಿಗೆ ನೋಟೋ ಸೆರಿಫ್ ಕನ್ನಡ ಅಥವಾ ಟೈರೋ ಕನ್ನಡ ಫಾಂಟ್ ಹಾಕಿ. ಕಾರ್ಡನ್ನು ದೂರ ಹಿಡಿದು ಓದುವ ಹಿರಿಯರೇ ಜಾಸ್ತಿ ಮೇಡಂ, ಅವರಿಗೆ ಟೈಮು, ಜಾಗ ತಕ್ಷಣ ಸಿಗಬೇಕು.

ಪ್ರೂಫ್ ನೋಡುವಾಗ ಮೊದಲು ಮಹಾಪ್ರಾಣ ನೋಡಿ. ದ, ಧ ಎರಡಕ್ಕೂ ವ್ಯತ್ಯಾಸ ಆ ಸಣ್ಣ ಸೀಳು ಒಂದೇ. ಸೀಳಿನಲ್ಲಿ ಇಂಕು ತುಂಬಿಕೊಂಡರೆ ಧನಂಜಯ ಹೋಗಿ ದನಂಜಯ ಆಗುತ್ತಾನೆ. ಬ, ಭಗಳದ್ದೂ ಅದೇ ಕಥೆ. ಅಪ್ಪ ಸೀಳುವುದಕ್ಕಿಂತ ಸ್ವಲ್ಪ ಅಗಲವಾಗಿ ಸೀಳಿ, ಬರಹದ ರೂಪ ಕೆಡುವುದಿಲ್ಲ. ಕಾರ್ಡು ತಿಳಿ ಬಣ್ಣದ್ದಿರಲಿ. ಕಡು ಬಣ್ಣದ ಕಾರ್ಡಿನ ಮೇಲೆ ಚಿನ್ನದ ಇಂಕು ದಪ್ಪಗೆ ಹಾಕಬೇಕಾಗುತ್ತದೆ, ಸಣ್ಣ ಸುಳಿಗಳೆಲ್ಲ ಮುಚ್ಚಿಹೋಗುತ್ತವೆ. ಇಷ್ಟು ಚೆಂದದ ಕೈಬರಹ ಹಾಗೆ ಹಾಳಾಗಬಾರದು.

ಶಿರಾ ಗೇಟ್:
ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆ ಡಿಟಿಪಿಯವರು (ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು) ಇನ್ನೂ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟುಗಳಲ್ಲೇ ಕೆಲಸ ಮಾಡುತ್ತಾರೆ, ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟವು. ನಿಮ್ಮದು ಯೂನಿಕೋಡ್, ಅಲ್ಲಿ ಒತ್ತನ್ನು ಸಾಫ್ಟ್‌ವೇರೇ ಜೋಡಿಸಬೇಕು. ಫಾಂಟ್ ಫೈಲ್ ಕೊಟ್ಟು ಟೈಪ್ ಮಾಡಿ ಅಂದರೆ ಅವರ ಹಳೇ ಕೋರಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಒತ್ತೆಲ್ಲ ಚೆಲ್ಲಾಪಿಲ್ಲಿ. ನೀವೇ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಕರ್ವ್ಸ್ ಮಾಡಿ (ಅಕ್ಷರಗಳನ್ನು ಗೆರೆಯ ಚಿತ್ರವಾಗಿಸಿ), ಪಿಡಿಎಫ್ ಕೊಡಿ.

ತಿಪಟೂರಿನವಳು:
ಎಲ್ಲರಿಗೂ ಧನ್ಯವಾದ. ಅಪ್ಪನಿಂದ ಪದಗಳನ್ನು ಬರೆಸಿದೆ. ಸಿದ್ಧಲಿಂಗೇಶ್ವರದಲ್ಲಿ 'ಧ' ಒತ್ತನ್ನು ಅವರು ನೇರ ಕೆಳಗೆ ಇಡುವುದೇ ಇಲ್ಲ, ಬಲಕ್ಕೆ ಸರಿಸಿ ಬಾಲವನ್ನು ಮುಂದಿನ 'ಲಿ' ಕೆಳಗೆ ಎಳೆಯುತ್ತಾರೆ! ಇಷ್ಟು ವರ್ಷ ಇದನ್ನು ಗಮನಿಸಿಯೇ ಇರಲಿಲ್ಲ. ಆದರೆ ಮುಂದೆಯೂ ಒತ್ತಕ್ಷರವೇ ಬಂದರೆ ಬಾಲ ಅದಕ್ಕೆ ಬಡಿಯುವುದಿಲ್ಲವೇ?

ಅಕ್ಷರಪ್ರೀತಿ:
ಬಡಿಯುತ್ತದೆ. ಅದಕ್ಕೆ ಅದೇ ಒತ್ತಿನ ಎರಡು ರೂಪ ಇಟ್ಟುಕೊಳ್ಳಿ, ಉದ್ದ ಬಾಲದ್ದೊಂದು, ಗಿಡ್ಡದ್ದೊಂದು. ಮುಂದೆ ಒತ್ತಕ್ಷರ ಇದ್ದರೆ ಗಿಡ್ಡದ್ದು ಬರಲಿ ಅಂತ ಫಾಂಟಿನಲ್ಲೇ ನಿಯಮ ಬರೆಯಬಹುದು. ಅಪ್ಪ 'ಸಿದ್ಧಯ್ಯ', 'ಸಿದ್ಧಪ್ಪ' ಹೇಗೆ ಬರೆಯುತ್ತಾರೆ ನೋಡಿ. ಅವರ ಕೈ ಅಲ್ಲಿ ಬಾಲವನ್ನು ಎಲ್ಲಿ ನಿಲ್ಲಿಸುತ್ತದೋ ಅದೇ ನಿಮ್ಮ ಗಿಡ್ಡ ರೂಪ.